ಸರ್ ಸಯ್ಯಿದ್: ಅಜ್ಜನ ಮನೆಯಿಂದ ಅಲೀಗಢದವರೆಗೆ

ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಹೆಸರು ಕೇಳದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಪ್ರತಿವರ್ಷ ಅಕ್ಟೋಬರ್ 17ರಂದು ಆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ತಾವಿರುವ ಊರುಗಳಲ್ಲೆಲ್ಲ ಒಟ್ಟು ಸೇರಿ ಸರ್ ಸಯ್ಯಿದ್ ಅಹ್ಮದ್ ಖಾನ್ ಅವರನ್ನು ಸ್ಮರಿಸುತ್ತಾರೆ. ಭಾಷಣಗಳಾಗುತ್ತವೆ, ಸಾಧನೆಗಳ ಪಟ್ಟಿ ಓದಲಾಗುತ್ತದೆ. ಅವರು ಸಮಾಜ ಸುಧಾರಕರು, ಗ್ರಂಥಕರ್ತರು, ಕಾಲೇಜಿನ ಸ್ಥಾಪಕರು ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅವರು ಒಬ್ಬ ಅಜ್ಜನ ಮೊಮ್ಮಗನಾಗಿ ಬೆಳೆದವರು, ಕೊನೆಯಲ್ಲಿ ಒಬ್ಬ ಮೊಮ್ಮಗನಿಗೆ ಅಜ್ಜನಾಗಿ ಬಾಳಿದವರು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಕುಟುಂಬದ ಬದುಕು ಒಂದು ಕಡೆ, ಸಮುದಾಯದ ಸೇವೆ ಇನ್ನೊಂದು ಕಡೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸರ್ ಸಯ್ಯಿದರ ಜೀವನವನ್ನು ನೋಡಿದರೆ ಇವೆರಡರ ನಡುವೆ ಗೋಡೆ ಇರಲಿಲ್ಲ. ಅವರು ತಮ್ಮ ಮನೆಯಲ್ಲಿ ಮಗುವಾಗಿದ್ದಾಗ ಏನು ಪಡೆದರೋ ಅದನ್ನೇ ಮುಂದೆ ಸಾವಿರಾರು ಮಕ್ಕಳಿಗೆ ಒದಗಿಸಲು ದುಡಿದರು. ಹಾಗೆ ನೋಡಿದರೆ ಅಲೀಗಢದ ಕಾಲೇಜು ದೊಡ್ಡದಾಗಿ ಬೆಳೆದ ಒಂದು ಮನೆ. ಆ ಮನೆಯ ಕಥೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳಲು ಪ್ರಯತ್ನಿಸಲಾಗಿದೆ.

ಅಜ್ಜನ ದಸ್ತರ್‌ಖಾನ್

ಸಯ್ಯಿದ್ ಅಹ್ಮದ್ ಹುಟ್ಟಿದ್ದು 1817ರ ಅಕ್ಟೋಬರ್ 17ರಂದು ದಿಲ್ಲಿಯಲ್ಲಿ. ತಂದೆ ಮೀರ್ ಮುತ್ತಖೀ ಲೌಕಿಕ ವ್ಯವಹಾರಗಳಿಂದ ದೂರವಿದ್ದ ಸಾಧು ಸ್ವಭಾವದವರು. ಮನೆಯ ಯಜಮಾನಿಕೆ ತಾಯಿಯ ತಂದೆಯದು. ಅವರ ಹೆಸರು ಖ್ವಾಜಾ ಫರೀದುದ್ದೀನ್ ಅಹ್ಮದ್. ಸಯ್ಯಿದ್ ಅಹ್ಮದ್, ಅವರ ಅಣ್ಣ ಸಯ್ಯಿದ್ ಮುಹಮ್ಮದ್ ಮತ್ತು ಅಕ್ಕ ಸಫಿಯ್ಯತುನ್ನಿಸಾ ಬೆಳೆದದ್ದು ಈ ನಾನಾನ ಹವೇಲಿಯಲ್ಲೇ.

ಖ್ವಾಜಾ ಫರೀದುದ್ದೀನ್ ಸಾಮಾನ್ಯ ವ್ಯಕ್ತಿಯಾಗಿರಲಿಲ್ಲ. ಗಣಿತ ಮತ್ತು ಖಗೋಳ ಶಾಸ್ತ್ರಗಳಲ್ಲಿ ಅವರು ಪರಿಣತರು. ಆಕಾಶವನ್ನು ಅಳೆಯುವ ಉಪಕರಣಗಳನ್ನು ತಾವೇ ತಯಾರಿಸುತ್ತಿದ್ದರು. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಇರಾನಿಗೂ ಬರ್ಮಾಕ್ಕೂ ಹೋಗಿ ಬಂದಿದ್ದರು. ನಂತರ ಮೊಗಲ್ ದೊರೆ ಎರಡನೇ ಅಕ್ಬರ್ ಷಾನ ಪ್ರಧಾನ ಮಂತ್ರಿಯಾದರು. ಅರಮನೆಯ ಸಾಲ ತೀರಿಸಲೆಂದು ಖರ್ಚಿಗೆ ಕಡಿವಾಣ ಹಾಕಿದ್ದರಿಂದ ಶತ್ರುಗಳನ್ನೂ ಸಂಪಾದಿಸಿಕೊಂಡರು.

ಇಂತಹ ಮನುಷ್ಯ ಮನೆಗೆ ಬಂದರೆ ಮೊಮ್ಮಕ್ಕಳೊಂದಿಗೆ ಕುಳಿತೇ ಊಟ ಮಾಡುತ್ತಿದ್ದರು. ಅಗಲವಾದ ದಸ್ತರ್‌ಖಾನ್ ಹಾಸಿದರೆ ಮಕ್ಕಳೆಲ್ಲರೂ ಸುತ್ತ ಕೂರಬೇಕು. ಯಾರಿಗೆ ಏನು ಬೇಕೆಂದು ಅಜ್ಜನೇ ಕೇಳಿ ತಮ್ಮ ಕೈಯಿಂದಲೇ ಬಡಿಸುವರು. ಆದರೆ ಶಿಸ್ತಿನಲ್ಲಿ ರಿಯಾಯಿತಿ ಇರಲಿಲ್ಲ. ಬೆರಳುಗಳನ್ನು ಅತಿಯಾಗಿ ಎಂಜಲು ಮಾಡುವಂತಿಲ್ಲ, ಅಗಿಯುವಾಗ ಸದ್ದಾಗುವಂತಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಕ್ಕಳು ಅಂದಂದಿನ ಪಾಠವನ್ನು ಅಜ್ಜನ ಮುಂದೆ ಒಪ್ಪಿಸಬೇಕಿತ್ತು. ಸರಿಯಾಗಿ ಒಪ್ಪಿಸಿದವರಿಗೆ ಸಿಹಿತಿಂಡಿ ಸಿಗುತ್ತಿತ್ತು. ತಪ್ಪಿದವರು ಬರಿಗೈಯಲ್ಲಿ ಏಳಬೇಕಿತ್ತು. ದೇಶದೇಶಗಳ ರಾಜಕಾರಣ ನೋಡಿ ಬಂದವರೊಬ್ಬರು ದಿನದ ಕೊನೆಯಲ್ಲಿ ಪುಟ್ಟ ಮಕ್ಕಳ ಪಾಠ ಕೇಳಲು ಸಮಯ ಮಾಡಿಕೊಳ್ಳುತ್ತಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

1828ರಲ್ಲಿ ಖ್ವಾಜಾ ಫರೀದುದ್ದೀನ್ ನಿಧನ ಹೊಂದಿದಾಗ ಸಯ್ಯಿದ್ ಅಹ್ಮದ್ ಹತ್ತು ಹನ್ನೊಂದು ವರ್ಷದ ಬಾಲಕ. ಆದರೆ ಆ ನೆನಪು ಅವರ ಮನಸ್ಸಿನಿಂದ ಮಾಸಲಿಲ್ಲ. ಎಂಬತ್ತರ ಸಮೀಪಕ್ಕೆ ಬಂದಿದ್ದಾಗ, ಕಾಲೇಜಿನ ನೂರು ಚಿಂತೆಗಳ ನಡುವೆ, ಅವರು ಈ ಅಜ್ಜನ ಜೀವನ ಚರಿತ್ರೆಯನ್ನು ಬರೆದರು. 1896ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ಸೀರತೆ ಫರೀದಿಯ್ಯಾ. ಅಜ್ಜನಷ್ಟೇ ಅಲ್ಲ, ತಾಯಿಯೂ ಆ ಪುಸ್ತಕದಲ್ಲಿ ದೊಡ್ಡ ಸ್ಥಾನ ಪಡೆದಿದ್ದಾರೆ.

ತಾಯಿ ಕಲಿಸಿದ ಪಾಠ

ತಾಯಿ ಅಝೀಝುನ್ನಿಸಾ ಬೇಗಂ ಓದು ಬಲ್ಲವರು. ಆ ಕಾಲದ ಸ್ತ್ರೀಯರಲ್ಲಿ ಇದು ಅಪರೂಪ. ಮಗನ ಪಾಠವನ್ನು ಅವರೇ ಕೇಳುತ್ತಿದ್ದರು, ಮರುದಿನದ ಪಾಠವನ್ನು ಓದಿಸುತ್ತಿದ್ದರು. ಮನೆಗೆ ಬರುವ ಆದಾಯದಲ್ಲಿ ಶೇಕಡಾ 5ರಷ್ಟನ್ನು ಬೇರೆಯಾಗಿ ತೆಗೆದಿಡುವುದು ಅವರ ಪದ್ಧತಿ. ಅದರಿಂದ ಬಡ ಹೆಣ್ಣುಮಕ್ಕಳ ಮದುವೆಗಳಾಗುತ್ತಿದ್ದವು, ವಿಧವೆಯರ ಮನೆಗಳಿಗೆ ಆಸರೆ ದೊರೆಯುತ್ತಿತ್ತು.

ಸಯ್ಯಿದ್ ಅಹ್ಮದ್ ಹನ್ನೊಂದು ಹನ್ನೆರಡು ವರ್ಷದವನಾಗಿದ್ದಾಗ ಸಿಟ್ಟಿನ ಭರದಲ್ಲಿ ಮನೆಯ ವೃದ್ಧ ಸೇವಕನ ಕೆನ್ನೆಗೆ ಹೊಡೆದುಬಿಟ್ಟನು. ವಿಷಯ ತಾಯಿಗೆ ತಿಳಿಯಿತು. ಇಂತಹವನು ಮನೆಯಲ್ಲಿರಲು ಯೋಗ್ಯನಲ್ಲವೆಂದು ಅವರು ಮಗನನ್ನು ಹೊರಗೆ ಕಳುಹಿಸಿದರು. ಹುಡುಗ ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಅಡಗಿಕೊಂಡಿದ್ದನು. ಚಿಕ್ಕಮ್ಮ ಕರೆತಂದು ಶಿಫಾರಸು ಮಾಡಿದರೂ ತಾಯಿ ಮಣಿಯಲಿಲ್ಲ. ಕೊನೆಗೆ ಆ ಸೇವಕನ ಮುಂದೆ ಕೈ ಜೋಡಿಸಿ ಕ್ಷಮೆ ಬೇಡಿದ ಮೇಲೆಯೇ ಮನೆಯ ಬಾಗಿಲು ತೆರೆಯಿತು. ತಾಯಿಯ ಈ ಕಟ್ಟುನಿಟ್ಟು ಮಗನ ಸ್ವಭಾವದಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂಬುದು ಮುಂದೆ ದಿಲ್ಲಿಯ ಬೀದಿಯೊಂದರಲ್ಲಿ ಗೊತ್ತಾಗಲಿತ್ತು.

ಸಂಸಾರದ ಹೊರೆ, ಕಚೇರಿಯ ದುಡಿಮೆ

1838ರಲ್ಲಿ ತಂದೆ ತೀರಿಕೊಂಡರು. ಅರಮನೆಯಿಂದ ಬರುತ್ತಿದ್ದ ಭತ್ಯೆಗಳು ಹೆಚ್ಚುಕಡಿಮೆ ನಿಂತುಹೋದವು. ಮನೆತನದ ಹೆಸರು ದೊಡ್ಡದಾಗಿದ್ದರೂ ಅಡಿಗೆ ಮನೆ ಹೆಸರಿನಿಂದ ನಡೆಯುವುದಿಲ್ಲ. ಬಂಧುಗಳ ಅಸಮ್ಮತಿಯನ್ನು ಲೆಕ್ಕಿಸದೆ ಸಯ್ಯಿದ್ ಅಹ್ಮದ್ ಕಂಪೆನಿಯ ನ್ಯಾಯಾಲಯದಲ್ಲಿ ಕೆಲಸ ಕಲಿಯಲು ಸೇರಿದರು. ಮೊದಲು ಶಿರಸ್ತೇದಾರ, ಮುಂದೆ ಆಗ್ರಾ ಕಮಿಷನರರ ಕಚೇರಿಯಲ್ಲಿ ನಾಯಬ್ ಮುನ್ಷಿ, ಪರೀಕ್ಷೆ ಪಾಸು ಮಾಡಿ 1841ರಲ್ಲಿ ಮೈನ್‌ಪುರಿಯ ಮುನ್ಸಿಫ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು.

ಅಣ್ಣ ಸಯ್ಯಿದ್ ಮುಹಮ್ಮದ್ ದಿಲ್ಲಿಯಲ್ಲಿ ಉರ್ದು ಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಯೌವನದಲ್ಲೇ ಅವರು ಅಗಲಿದರು. ಅಣ್ಣ ತಮ್ಮಂದಿರ ನಡುವೆ ಅಪಾರ ಪ್ರೀತಿ ಇತ್ತು. ಈ ಸಾವಿನ ನಂತರ ಸಯ್ಯಿದ್ ಅಹ್ಮದ್ ಗಾನಗೋಷ್ಠಿ, ಬಣ್ಣದ ಉಡುಪು ಎಲ್ಲವನ್ನೂ ಬಿಟ್ಟು ಗಂಭೀರರಾದರು. ತಾಯಿಯ ಜೊತೆ ಇರಲೆಂದು 1846ರಲ್ಲಿ ದಿಲ್ಲಿಗೆ ವರ್ಗ ಮಾಡಿಸಿಕೊಂಡರು. ಹಿರಿಯ ಮಗನನ್ನು ಕಳೆದುಕೊಂಡ ತಾಯಿಯಾದರೋ, ತಮ್ಮ ಶೋಕದ ಕಾರಣ ಬಂಧುವೊಬ್ಬರ ಮಗಳ ಮದುವೆ ಮುಂದಕ್ಕೆ ಹೋಗಬಾರದೆಂದು ತಾವೇ ಆ ಮನೆಗೆ ಹೋಗಿ ಒತ್ತಾಯಿಸಿ ಮದುವೆ ನಡೆಸಿದರು.

ಮುನ್ಸಿಫರ ಸಂಬಳದಲ್ಲಿ ದೊಡ್ಡ ಸಂಸಾರ ತೂಗಿಸುವುದು ಸುಲಭವಾಗಿರಲಿಲ್ಲ. ದಿಲ್ಲಿಯ ಪುರಾತನ ಕಟ್ಟಡಗಳ ಕುರಿತು ಆಸಾರುಸ್ಸನಾದೀದ್ ಎಂಬ ಗ್ರಂಥ ಬರೆಯಲು ತೊಡಗಿದಾಗ ಅವರ ಮನಸ್ಸಿನಲ್ಲಿ ವಿದ್ಯೆಯ ಆಸಕ್ತಿಯ ಜೊತೆಗೆ ಮನೆಗೆ ನಾಲ್ಕು ಕಾಸು ಬರಲಿ ಎಂಬ ಆಸೆಯೂ ಇತ್ತು. ರಜಾ ದಿನಗಳಲ್ಲಿ ಗೋರಿ, ಮಸೀದಿ, ಕೋಟೆಗಳನ್ನು ಅಲೆದು ಅಳತೆ ತೆಗೆದರು. ಕುತುಬ್ ಮಿನಾರಿನ ಎತ್ತರದಲ್ಲಿದ್ದ ಶಾಸನಗಳನ್ನು ಓದಲು ಗಳುಗಳ ನಡುವೆ ಬುಟ್ಟಿ ಕಟ್ಟಿಸಿಕೊಂಡು ಅದರಲ್ಲಿ ಕುಳಿತು ನಕಲು ಮಾಡಿಕೊಂಡರು. ಕೆಳಗೆ ನಿಂತ ಗೆಳೆಯ ಮೌಲಾನಾ ಸಹಬಾಯಿಯವರ ಮುಖ ಭಯದಿಂದ ಬಿಳುಪೇರುತ್ತಿತ್ತಂತೆ. 1847ರಲ್ಲಿ ಹೊರಬಂದ ಆ ಗ್ರಂಥ ಫ್ರೆಂಚ್ ಭಾಷೆಗೂ ಅನುವಾದಗೊಂಡಿತು. 1864ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಅವರಿಗೆ ಗೌರವ ಸದಸ್ಯತ್ವ ನೀಡಿತು.

1857: ಒಂದು ಹೂಜಿ ನೀರು

ಸಿಪಾಯಿಗಳ ಬಂಡಾಯ ಎದ್ದಾಗ ಸಯ್ಯಿದ್ ಅಹ್ಮದ್ ಬಿಜನೋರಿನಲ್ಲಿ ನ್ಯಾಯಾಧಿಕಾರಿ. ಅಲ್ಲಿದ್ದ ಆಂಗ್ಲ ಕುಟುಂಬಗಳ ಜೀವ ಉಳಿಸಲು ಅವರು ತಮ್ಮ ಜೀವವನ್ನೇ ಒಡ್ಡಿದರು. ಅತ್ತ ದಿಲ್ಲಿಯಲ್ಲಿ ಅವರ ಸ್ವಂತ ಮನೆಯವರಿಗೆ ರಕ್ಷಣೆ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಸೇನೆ ನಗರವನ್ನು ವಶಪಡಿಸಿಕೊಂಡಾಗ ಸೋದರಮಾವ ಮತ್ತು ಅವರ ಮಗ ಸೈನಿಕರ ಕೈಯಲ್ಲಿ ಹತರಾದರು. ಮನೆ ಲೂಟಿಯಾಯಿತು.

ಸಯ್ಯಿದ್ ಅಹ್ಮದ್ ಮೀರತ್ ಮಾರ್ಗವಾಗಿ ದಿಲ್ಲಿ ತಲುಪಿದಾಗ ವೃದ್ಧ ತಾಯಿ ಕುದುರೆ ಕಾಯುವವನ ಕೋಣೆಯೊಂದರಲ್ಲಿ ಅಡಗಿದ್ದರು. ಕುದುರೆಗಳಿಗೆಂದು ಇಟ್ಟಿದ್ದ ಕಾಳನ್ನೇ ತಿಂದು ದಿನ ದೂಡಿದ್ದರು. ಕುಡಿಯಲು ನೀರಿರಲಿಲ್ಲ. ಮಗ ಓಡಿಹೋಗಿ ಕೋಟೆಯಿಂದ ಒಂದು ಹೂಜಿ ನೀರು ತಂದರು. ಬರುವ ದಾರಿಯಲ್ಲಿ ಮನೆಯ ಹಳೆಯ ಸೇವಕಿ ಬಾಯಾರಿ ಬಿದ್ದಿರುವುದು ಕಾಣಿಸಿತು. ತಾಯಿ ಕಾಯುತ್ತಿದ್ದರೂ ಅವರು ಅಲ್ಲಿ ನಿಂತು ಮೊದಲು ಅವಳಿಗೆ ನೀರು ಕೊಟ್ಟರು. ಹಿಂದೊಮ್ಮೆ ಸೇವಕನ ಮುಂದೆ ಕೈ ಜೋಡಿಸಿ ನಿಲ್ಲಬೇಕಾಗಿ ಬಂದ ಹುಡುಗ ಆ ಪಾಠವನ್ನು ಮರೆತಿರಲಿಲ್ಲ. ಆದರೆ ಆ ಮುದುಕಿ ಹೆಚ್ಚು ಹೊತ್ತು ಬದುಕಲಿಲ್ಲ. ತಾಯಿಯನ್ನು ಮೀರತ್‌ಗೆ ಕರೆತಂದರೂ ಅವರೂ ಚೇತರಿಸಿಕೊಳ್ಳದೆ ಸ್ವಲ್ಪ ದಿನಗಳಲ್ಲೇ ಇಹಲೋಕ ತ್ಯಜಿಸಿದರು.

ಸರಕಾರ ಅವರ ಸೇವೆಗೆ ಪ್ರತಿಫಲವಾಗಿ, ಬಂಡಾಯದಲ್ಲಿ ಭಾಗವಹಿಸಿದ ಒಂದು ಮನೆತನದಿಂದ ಕಿತ್ತುಕೊಂಡ ದೊಡ್ಡ ಜಮೀನ್ದಾರಿಯನ್ನು ಕೊಡಲು ಮುಂದಾಯಿತು. ಬೇರೊಬ್ಬರ ಮಕ್ಕಳ ಅನ್ನದಿಂದ ತನ್ನ ಮಕ್ಕಳನ್ನು ಸಾಕಲು ಅವರಿಗೆ ಮನಸ್ಸಾಗಲಿಲ್ಲ. ಅದನ್ನು ನಿರಾಕರಿಸಿದರು. ತಿಂಗಳಿಗೆ 200 ರೂಪಾಯಿಯ ವಿಶೇಷ ಪಿಂಚಣಿಯನ್ನಷ್ಟೇ ಒಪ್ಪಿಕೊಂಡರು. ದೇಶ ಬಿಟ್ಟು ಈಜಿಪ್ಟಿಗೆ ಹೋಗಿ ನೆಲೆಸುವ ಯೋಚನೆಯೂ ಬಂದಿತ್ತು. ಆದರೆ ತನ್ನವರು ಕಷ್ಟದಲ್ಲಿರುವಾಗ ತಾನೊಬ್ಬ ಸುಖ ಹುಡುಕಿ ಹೋಗುವುದು ಹೇಡಿತನವೆನಿಸಿ ಇಲ್ಲೇ ಉಳಿದರು. 1859ರಲ್ಲಿ ಮುರಾದಾಬಾದಿನಲ್ಲಿ ಶಾಲೆಯೊಂದನ್ನು ತೆರೆದರು. ಮರುವರ್ಷದ ಬರಗಾಲದಲ್ಲಿ ಅನಾಥರ ಮತ್ತು ಹಸಿದವರ ಆರೈಕೆಗೆ ನಿಂತರು.

1861ರಲ್ಲಿ ಪತ್ನಿ ತೀರಿಕೊಂಡರು. ಆಗ ಅವರಿಗೆ ನಲ್ವತ್ತಮೂರು ನಲ್ವತ್ತನಾಲ್ಕು ವರ್ಷ. ಮಕ್ಕಳಾದ ಹಾಮಿದ್ ಮತ್ತು ಮಹಮೂದ್ ಇನ್ನೂ ಚಿಕ್ಕವರು. ಬಂಧು ಮಿತ್ರರು ಮರುಮದುವೆಗೆ ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಮಕ್ಕಳ ಪಾಲನೆ ಮತ್ತು ಕೆಲಸ, ಇವೆರಡೇ ಅವರ ಪಾಲಿಗೆ ಉಳಿದವು.

ಮಕ್ಕಳೊಂದಿಗೆ ಲಂಡನ್ನಿಗೆ

ಗಾಝೀಪುರದಲ್ಲಿದ್ದಾಗ 1864ರಲ್ಲಿ ಅವರು ಸೈಂಟಿಫಿಕ್ ಸೊಸೈಟಿಯನ್ನು ಸ್ಥಾಪಿಸಿದರು. ವಿಜ್ಞಾನ ಮತ್ತು ಇತಿಹಾಸದ ಪುಸ್ತಕಗಳನ್ನು ಉರ್ದುವಿಗೆ ತರುವುದು ಇದರ ಉದ್ದೇಶ. ಅದೇ ವರ್ಷ ಅಲೀಗಢಕ್ಕೆ ವರ್ಗವಾದಾಗ ಸೊಸೈಟಿಯೂ ಅವರೊಂದಿಗೆ ಬಂತು.

ಕಿರಿಯ ಮಗ ಮಹಮೂದನಿಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವಿದ್ಯಾರ್ಥಿವೇತನ ದೊರೆಯಿತು. ಮಗನನ್ನು ಒಬ್ಬನನ್ನೇ ಕಳುಹಿಸದೆ ತಾವೂ ಹೊರಡಲು ತಂದೆ ನಿಶ್ಚಯಿಸಿದರು. ಅಲ್ಲಿನ ವಿದ್ಯಾಸಂಸ್ಥೆಗಳನ್ನು ಕಣ್ಣಾರೆ ಕಂಡು ಬರಬೇಕೆಂಬ ಹಂಬಲವೂ ಅವರಿಗಿತ್ತು. ಪ್ರಯಾಣದ ಖರ್ಚಿಗಾಗಿ ತಮ್ಮ ಪುಸ್ತಕ ಭಂಡಾರವನ್ನು ಮಾರಿದರು, ಮನೆಯನ್ನು ಅಡವಿಟ್ಟರು. 1869ರ ಏಪ್ರಿಲ್‌ನಲ್ಲಿ ಇಬ್ಬರು ಮಕ್ಕಳೊಂದಿಗೆ ಹೊರಟು ಮೇ ತಿಂಗಳಲ್ಲಿ ಲಂಡನ್ ತಲುಪಿದರು.

ಲಂಡನ್ನಿನಲ್ಲಿ ಅವರು ವಿಶ್ರಾಂತಿ ಪಡೆಯಲಿಲ್ಲ. ವಿಲಿಯಂ ಮ್ಯೂರ್ ಎಂಬ ಅಧಿಕಾರಿ ಪ್ರವಾದಿವರ್ಯರ (ಸ) ಜೀವನದ ಕುರಿತು ಬರೆದ ಗ್ರಂಥದಲ್ಲಿದ್ದ ಆಕ್ಷೇಪಗಳಿಗೆ ಉತ್ತರ ಬರೆಯಬೇಕೆಂದು ಗ್ರಂಥಾಲಯಗಳಲ್ಲಿ ಕುಳಿತು ಹಗಲಿರುಳು ದುಡಿದರು. ಮುದ್ರಣಕ್ಕೆ ಹಣ ಸಾಲದಾದಾಗ ಊರಿನಲ್ಲಿದ್ದ ಮಿತ್ರ ಮುಹ್ಸಿನುಲ್ ಮುಲ್ಕ್ ಅವರಿಗೆ ಪತ್ರ ಬರೆದು, ಮನೆಯಲ್ಲಿ ಉಳಿದಿರುವ ತಾಮ್ರದ ಪಾತ್ರೆಗಳನ್ನಾದರೂ ಮಾರಿ ಹಣ ಕಳುಹಿಸುವಂತೆ ಕೇಳಿಕೊಂಡರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ವಾಸಿಸುವುದನ್ನೂ, ಒಟ್ಟಿಗೆ ಊಟ ಮಾಡುವುದನ್ನೂ ಕಂಡರು. ಅಜ್ಜನ ದಸ್ತರ್‌ಖಾನಿನಲ್ಲಿ ಉಂಡು ಬೆಳೆದವರಿಗೆ ಇದು ಅಪರಿಚಿತ ದೃಶ್ಯವಾಗಿರಲಾರದು.

ಅಲೀಗಢ ಎಂಬ ಮನೆ

1870ರಲ್ಲಿ ಹಿಂತಿರುಗಿದ ಸಯ್ಯಿದ್ ಅಹ್ಮದ್ ಅದೇ ವರ್ಷದ ಡಿಸೆಂಬರ್‌ನಲ್ಲಿ ತಹಝೀಬುಲ್ ಅಖ್ಲಾಖ್ ಪತ್ರಿಕೆಯನ್ನು ಆರಂಭಿಸಿದರು. ಅವರ ವಿಚಾರಗಳಿಗೆ ಉಗ್ರ ವಿರೋಧ ಬಂತು. ಫತ್ವಾಗಳು ಹೊರಟವು. ಅವರ ಧಾರ್ಮಿಕ ಅಭಿಪ್ರಾಯಗಳನ್ನು ಒಪ್ಪದ ವಿದ್ವಾಂಸರು ಅಂದೂ ಇದ್ದರು, ಇಂದೂ ಇದ್ದಾರೆ. ಕಾಂಗ್ರೆಸ್ ಚಳವಳಿಯಿಂದ ಮುಸ್ಲಿಮರು ದೂರವಿರಬೇಕೆಂಬ ಅವರ ರಾಜಕೀಯ ನಿಲುವನ್ನೂ ಅನೇಕರು ಒಪ್ಪಲಿಲ್ಲ. ಆದರೆ ಶಿಕ್ಷಣಕ್ಕಾಗಿ ಅವರು ಪಟ್ಟ ಶ್ರಮವನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ.

1875ರ ಮೇ 24ರಂದು ಅಲೀಗಢದಲ್ಲಿ ಶಾಲೆ ಆರಂಭವಾಯಿತು. 1876ರಲ್ಲಿ ಅವರು ನೌಕರಿಯಿಂದ ನಿವೃತ್ತರಾಗಿ ಅಲ್ಲೇ ನೆಲೆಸಿದರು. ಬೇರೆಯವರಿಗೆ ವಿಶ್ರಾಂತಿಯ ವಯಸ್ಸು, ಇವರಿಗೆ ದೊಡ್ಡ ದುಡಿಮೆಯ ಆರಂಭ. 1877ರ ಜನವರಿ 8ರಂದು ವೈಸರಾಯ್ ಲಾರ್ಡ್ ಲಿಟ್ಟನ್ ಮುಹಮ್ಮದನ್ ಆಂಗ್ಲೋ ಓರಿಯೆಂಟಲ್ ಕಾಲೇಜಿಗೆ ಶಿಲಾನ್ಯಾಸ ಮಾಡಿದರು. ಮುಂದೆ ಎರಡು ದಶಕಗಳ ಕಾಲ ಸಯ್ಯಿದ್ ಅಹ್ಮದ್ ಕಾಲೇಜಿಗಾಗಿ ಜೋಳಿಗೆ ಹಿಡಿದರು. ಲಾಟರಿ ನಡೆಸಿದರು. ಪ್ರದರ್ಶನದಲ್ಲಿ ಮಳಿಗೆ ಹಾಕಿ ಪುಸ್ತಕ ಮಾರಿದರು. ಬಿಳಿ ಗಡ್ಡದ ಹಿರಿಯರು ವೇದಿಕೆ ಹತ್ತಿ ಕವಿತೆ ಓದಿ ಹಣ ಸಂಗ್ರಹಿಸಿದರು. ಊರೂರಿಗೆ ಹೋದಾಗ ಔತಣ ಏರ್ಪಡಿಸುವವರಿಗೆ, ಔತಣ ಬೇಡ, ಅದರ ಖರ್ಚನ್ನು ಕಾಲೇಜಿಗೆ ಕೊಡಿ ಎಂದು ವಿನಂತಿಸುತ್ತಿದ್ದರು. ಕಟ್ಟಡ ಏಳುವಾಗ ಬಿಸಿಲಿನಲ್ಲಿ ನಿಂತು ಮೇಲ್ವಿಚಾರಣೆ ನಡೆಸಿದರು.

ಕಾಲೇಜಿನ ಜೀವಾಳ ಅದರ ವಿದ್ಯಾರ್ಥಿ ನಿಲಯ. ತರಗತಿಯ ಪಾಠ ಎಷ್ಟು ಮುಖ್ಯವೋ ಒಟ್ಟಿಗೆ ಬಾಳುವ ಪಾಠವೂ ಅಷ್ಟೇ ಮುಖ್ಯವೆಂದು ಅವರು ನಂಬಿದ್ದರು. ದೂರದ ಊರುಗಳಿಂದ ಬಂದ ಶ್ರೀಮಂತರ ಮಕ್ಕಳೂ ಬಡವರ ಮಕ್ಕಳೂ ಒಂದೇ ಭೋಜನಾಲಯದಲ್ಲಿ ಕುಳಿತು ಉಂಡರು. ಬಾಗಿಲು ಹಿಂದೂ ವಿದ್ಯಾರ್ಥಿಗಳಿಗೂ ತೆರೆದಿತ್ತು. ಕಾಲೇಜಿನ ಮೊದಲ ಪದವೀಧರ ಈಶ್ವರೀ ಪ್ರಸಾದ್ ಎಂಬುದು ಸ್ಮರಣೀಯ.

ಮೊಮ್ಮಗನ ಬಿಸ್ಮಿಲ್ಲಾ

ಮಗ ಮಹಮೂದ್ ತಂದೆಗೆ ಹೆಮ್ಮೆ ತಂದರು. ಕೇಂಬ್ರಿಜ್‌ನಲ್ಲಿ ಓದಿ, ಬ್ಯಾರಿಸ್ಟರ್ ಆಗಿ, ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದರು. ಆ ಪದವಿಗೇರಿದ ಮೊದಲ ಭಾರತೀಯ ಮುಸ್ಲಿಮ್ ಅವರೇ. 1888ರಲ್ಲಿ ಅವರ ವಿವಾಹವಾಯಿತು. 1889ರ ಫೆಬ್ರವರಿಯಲ್ಲಿ ಗಂಡು ಮಗು ಜನಿಸಿತು. ಎಪ್ಪತ್ತೊಂದರ ಅಜ್ಜನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ರಾಸ್ ಎಂಬ ಆಂಗ್ಲ ಮಿತ್ರರ ಹೆಸರನ್ನು ಸೇರಿಸಿ ಮಗುವಿಗೆ ರಾಸ್ ಮಸ್ಊದ್ ಎಂದು ಹೆಸರಿಡಲಾಯಿತು.

ಮಗುವಿಗೆ ನಾಲ್ಕು ವರ್ಷ ತುಂಬಿದಾಗ ಅಕ್ಷರಾಭ್ಯಾಸದ ಬಿಸ್ಮಿಲ್ಲಾ ಸಮಾರಂಭ ನಡೆಯಬೇಕಿತ್ತು. ಆ ದರ್ಜೆಯ ಮನೆತನಗಳಲ್ಲಿ ಇದು ಊರಿಗೇ ಊಟ ಹಾಕುವ ಸಂಭ್ರಮ. ಅಜ್ಜ ಹಾಗೆ ಮಾಡಲಿಲ್ಲ. ತಾವು 1886ರಲ್ಲಿ ಸ್ಥಾಪಿಸಿದ ಶಿಕ್ಷಣ ಸಮ್ಮೇಳನದ ಅಧಿವೇಶನ ಅಲೀಗಢದಲ್ಲಿ ನಡೆಯುತ್ತಿದ್ದಾಗ ಆ ಸಭೆಯಲ್ಲೇ ಮೊಮ್ಮಗನ ಬಿಸ್ಮಿಲ್ಲಾ ಮಾಡಿಸಿದರು. ಮಗು ಕುಳಿತದ್ದು ಅಜ್ಜನ ಆಪ್ತ ಗೆಳೆಯ ರಾಜಾ ಜೈಕಿಷನ್ ದಾಸರ ಮಡಿಲಲ್ಲಿ. ಔತಣಕ್ಕೆ ತಗಲಬಹುದಾಗಿದ್ದ ಖರ್ಚಿನ ಬದಲಿಗೆ 500 ರೂಪಾಯಿಗಳನ್ನು ಕಾಲೇಜಿಗೆ ನೀಡುವುದಾಗಿ ಅಜ್ಜ ಸಭೆಯಲ್ಲಿ ಪ್ರಕಟಿಸಿದರು. ಬೇರೆಯವರ ಮನೆಯ ಔತಣದ ಹಣ ಕೇಳಿದವರು ತಮ್ಮ ಮೊಮ್ಮಗನ ಔತಣದ ಹಣವನ್ನೂ ಉಳಿಸಿಕೊಳ್ಳಲಿಲ್ಲ.

ಪ್ರೀತಿಯ ಪರೀಕ್ಷೆ

ಕುಟುಂಬ ಪ್ರೇಮ ಯಾವಾಗಲೂ ಸುಲಭದ ದಾರಿಯಲ್ಲ. 1889ರಲ್ಲಿ ಕಾಲೇಜಿನ ಆಡಳಿತಕ್ಕೆ ಟ್ರಸ್ಟಿಗಳ ಮಂಡಳಿ ರಚನೆಯಾದಾಗ ಸರ್ ಸಯ್ಯಿದ್ ಮಗ ಮಹಮೂದರನ್ನು ಜಂಟಿ ಕಾರ್ಯದರ್ಶಿಯನ್ನಾಗಿಯೂ ತಮ್ಮ ಉತ್ತರಾಧಿಕಾರಿಯನ್ನಾಗಿಯೂ ಮಾಡಲು ಪಟ್ಟು ಹಿಡಿದರು. ಮಹಮೂದರ ವಿದ್ವತ್ತಿನ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಆದರೆ ಸಮುದಾಯದ ಸಂಸ್ಥೆ ತಂದೆಯಿಂದ ಮಗನಿಗೆ ಹೋಗುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಮೊದಲಿನಿಂದ ಹೆಗಲು ಕೊಟ್ಟಿದ್ದ ಮೌಲವಿ ಸಮೀಉಲ್ಲಾ ಖಾನ್ ಈ ಕಾರಣಕ್ಕಾಗಿ ದೂರವಾದರು. ಸರ್ ಸಯ್ಯಿದರ ಜೀವನದಲ್ಲಿ ಅವರ ಅಭಿಮಾನಿಗಳೂ ಸಮರ್ಥಿಸಲು ತಡವರಿಸುವ ಒಂದು ನಿರ್ಧಾರ ಇದು. ಸಂಘ ಸಂಸ್ಥೆಗಳನ್ನು ನಡೆಸುವ ನಮಗೂ ಇದರಲ್ಲಿ ಯೋಚಿಸಲು ವಿಷಯವಿದೆ.

ಕೊನೆಯ ವರ್ಷಗಳು ದುಃಖದವು. 1893ರಲ್ಲಿ ಮಹಮೂದ್ ಹೈಕೋರ್ಟಿನ ಹುದ್ದೆ ತೊರೆದರು. ಅವರ ಆರೋಗ್ಯವೂ ಮನಸ್ಸಿನ ಸಮತೋಲನವೂ ಕುಸಿಯುತ್ತಾ ಬಂದವು. 1894ರಲ್ಲಿ ಹಿರಿಯ ಮಗ ಹಾಮಿದ್ ತೀರಿಕೊಂಡರು. 1895ರಲ್ಲಿ ಕಾಲೇಜಿನ ಗುಮಾಸ್ತನೊಬ್ಬ ಒಂದು ಲಕ್ಷ ರೂಪಾಯಿಗೂ ಮೀರಿದ ಹಣ ಲಪಟಾಯಿಸಿದ್ದು ಬೆಳಕಿಗೆ ಬಂತು. ಕಾಸು ಕಾಸು ಕೂಡಿಸಿದ್ದ ವೃದ್ಧರಿಗೆ ಇದು ಸಹಿಸಲಾಗದ ಆಘಾತ. ಇಂತಹ ದಿನಗಳಲ್ಲೇ ಅವರು ಅಜ್ಜನ ಜೀವನ ಚರಿತ್ರೆ ಬರೆದದ್ದು ಎಂಬುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ.

ಮನೆಯ ಪರಿಸ್ಥಿತಿ ಎಷ್ಟು ಹದಗೆಟ್ಟಿತೆಂದರೆ ಕೊನೆಯ ದಿನಗಳಲ್ಲಿ ಅವರು ಮಗನ ಜೊತೆಗಿದ್ದ ಮನೆ ಬಿಟ್ಟು ಮಿತ್ರರೊಬ್ಬರ ಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. 1898ರ ಮಾರ್ಚ್ 27ರ ರಾತ್ರಿ ಅಲ್ಲೇ ಕೊನೆಯುಸಿರೆಳೆದರು. ಕಾಲೇಜಿಗೆ ಲಕ್ಷಾಂತರ ರೂಪಾಯಿ ತಂದುಕೊಟ್ಟವರ ಕೈಯಲ್ಲಿ ತಮ್ಮದೆಂಬ ಹಣ ಇರಲಿಲ್ಲ. ಅಂತ್ಯಸಂಸ್ಕಾರದ ಖರ್ಚನ್ನು ಮುಹ್ಸಿನುಲ್ ಮುಲ್ಕ್ ಅವರೇ ವಹಿಸಿಕೊಂಡರು. ಮರುದಿನ ಕಾಲೇಜಿನ ಮಸೀದಿಯ ಪಕ್ಕದಲ್ಲಿ ದಫನ ಮಾಡಲಾಯಿತು.

ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ತಾನು ಅಜ್ಜನನ್ನು ಕಳೆದುಕೊಂಡ ವಯಸ್ಸಿನ ಆಸುಪಾಸಿನಲ್ಲೇ ಸರ್ ಸಯ್ಯಿದರ ಮೊಮ್ಮಗನೂ ಅಜ್ಜನನ್ನು ಕಳೆದುಕೊಂಡನು. 1903ರಲ್ಲಿ ತಂದೆ ಮಹಮೂದರೂ ಗತಿಸಿದರು. ಆಗ ಆ ಹುಡುಗನ ಕೈ ಹಿಡಿದದ್ದು ಅಜ್ಜ ಕಟ್ಟಿದ ಕಾಲೇಜು. ಪ್ರಿನ್ಸಿಪಾಲ್ ಥಿಯೊಡೋರ್ ಮಾರಿಸನ್ ಅವನ ಪೋಷಕರಾಗಿ ನಿಂತರು. ರಾಸ್ ಮಸ್ಊದ್ ಆಕ್ಸ್‌ಫರ್ಡಿನಲ್ಲಿ ಓದಿದರು. ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ತಮ್ಮ ಎ ಪ್ಯಾಸೇಜ್ ಟು ಇಂಡಿಯಾ ಕೃತಿಯನ್ನು ಈ ಗೆಳೆಯನಿಗೇ ಅರ್ಪಿಸಿದ್ದಾರೆ. 1916ರಿಂದ 1928ರವರೆಗೆ ರಾಸ್ ಮಸ್ಊದ್ ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಅಂದು ಆ ಸಂಸ್ಥಾನದಲ್ಲೇ ಇದ್ದವು. ಅಂದರೆ ಅಲ್ಲಿನ ಶಾಲೆಗಳು ಈ ಮೊಮ್ಮಗನ ಆಡಳಿತಕ್ಕೆ ಸೇರಿದ್ದವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ಅವಧಿಯಲ್ಲಿ. ಅಜ್ಜನ ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾಗಿತ್ತು. 1929ರಿಂದ 1934ರವರೆಗೆ ರಾಸ್ ಮಸ್ಊದ್ ಅದರ ಉಪಕುಲಪತಿಯಾದರು. 1937ರಲ್ಲಿ ನಿಧನರಾದ ಅವರನ್ನು ಅಜ್ಜನ ಸಮೀಪದಲ್ಲೇ ದಫನ ಮಾಡಲಾಗಿದೆ.

ಬಾಕಿ ಉಳಿದಿದ್ದ ಕೆಲಸ

ಒಂದು ವಿಷಯವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ತಾಯಿಯೇ ಮೊದಲ ಗುರುವಾಗಿದ್ದ ಸರ್ ಸಯ್ಯಿದ್ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆಯಲಿಲ್ಲ. ಲಂಡನ್ನಿನಲ್ಲಿ ಮನೆಗೆಲಸದ ಬಡ ಹುಡುಗಿಯೂ ಪತ್ರಿಕೆ ಓದುವುದನ್ನು ಕಂಡು ಬೆರಗಾಗಿದ್ದವರು ಅವರು. ಆದರೆ 1882ರ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ಕೊಡುವಾಗ, ಗಂಡುಮಕ್ಕಳು ವಿದ್ಯಾವಂತರಾಗದೆ ಹೆಣ್ಣುಮಕ್ಕಳ ಶಿಕ್ಷಣ ಸಾಧ್ಯವಾಗದು ಎಂಬ ನಿಲುವು ತಳೆದರು. ಹೆಣ್ಣುಮಕ್ಕಳು ಮನೆಯಲ್ಲೇ ಕಲಿಯಲಿ ಎಂಬುದು ಅವರ ಭಾವನೆ. ಎಲ್ಲ ಮನೆಗಳಲ್ಲೂ ಒಬ್ಬ ಖ್ವಾಜಾ ಫರೀದುದ್ದೀನ್, ಒಬ್ಬ ಅಝೀಝುನ್ನಿಸಾ ಇರುವುದಿಲ್ಲ ಎಂಬುದು ಗಂಡುಮಕ್ಕಳ ವಿಷಯದಲ್ಲಿ ಅವರಿಗೆ ಹೊಳೆದಷ್ಟು ಸ್ಪಷ್ಟವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಹೊಳೆಯಲಿಲ್ಲ.

ಆ ಕೊರತೆಯನ್ನು ತುಂಬಿದವರು ಅದೇ ಕಾಲೇಜಿನಲ್ಲಿ ಓದಿದ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ. 1906ರಲ್ಲಿ ಅವರು ಅಲೀಗಢದಲ್ಲಿ ಬೆರಳೆಣಿಕೆಯ ಹುಡುಗಿಯರಿಂದ ಶಾಲೆಯೊಂದನ್ನು ಆರಂಭಿಸಿದರು. ಆ ಶಾಲೆ ಬೆಳೆದು ಮಹಿಳಾ ಕಾಲೇಜಾಯಿತು. 1920ರಲ್ಲಿ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಭೋಪಾಲಿನ ಸುಲ್ತಾನ್ ಜಹಾನ್ ಬೇಗಂ. ಉಪಕುಲಪತಿಯ ಸ್ಥಾನದಲ್ಲಿ ಮಹಿಳೆಯೊಬ್ಬರು ಕೂರಲು ಮಾತ್ರ ಇನ್ನೊಂದು ಶತಮಾನ ಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಆ ಹುದ್ದೆಗೆ ನೇಮಕಗೊಂಡ ಪ್ರೊಫೆಸರ್ ನಈಮಾ ಖಾತೂನ್ ಅದಕ್ಕೆ ಮೊದಲು ಆ ಮಹಿಳಾ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು. ಹಿರಿಯರು ಎಲ್ಲಿ ನಿಂತರೋ ಅಲ್ಲಿಂದ ಕಿರಿಯರು ಮುಂದೆ ನಡೆಯಬೇಕು. ಹಿರಿಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅದೇ.

ವಿದ್ಯಾರ್ಥಿ ಮಿತ್ರರೇ, ವಿಶ್ವವಿದ್ಯಾಲಯ ಕಟ್ಟುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದರೆ ಸರ್ ಸಯ್ಯಿದರ ಅಜ್ಜ ಮತ್ತು ತಾಯಿ ಮಾಡಿದ್ದು ಯಾವ ಮನೆಯಲ್ಲಿಯೂ ಆಗಬಹುದು. ಮಕ್ಕಳೊಂದಿಗೆ ಕುಳಿತು ಉಣ್ಣುವುದಕ್ಕೆ, ಸಂಜೆ ಅವರ ಪಾಠ ಕೇಳುವುದಕ್ಕೆ, ಕೆಲಸದವರನ್ನು ಗೌರವದಿಂದ ಕಾಣುವುದನ್ನು ಕಲಿಸುವುದಕ್ಕೆ, ಆದಾಯದಲ್ಲಿ ಸಣ್ಣ ಪಾಲು ಬೇರೆಯವರ ಮಕ್ಕಳಿಗೆಂದು ತೆಗೆದಿಡುವುದಕ್ಕೆ ಮಂತ್ರಿ ಪದವಿ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಮದುವೆ, ಮುಂಜಿ, ಹೊಸ ಮನೆಯ ಸಂಭ್ರಮಗಳು ನಡೆಯುತ್ತಲೇ ಇರುತ್ತವೆ. ಅವುಗಳ ಖರ್ಚಿನ ಪಟ್ಟಿ ಬರೆಯುವಾಗ, ಮೊಮ್ಮಗನ ಬಿಸ್ಮಿಲ್ಲಾದಂದು ಆ ಅಜ್ಜ ಕೊಟ್ಟ 500 ರೂಪಾಯಿ ನೆನಪಾಗಲಿ. ನಮ್ಮ ನೆರೆಹೊರೆಯಲ್ಲಿ ಶುಲ್ಕ ಕಟ್ಟಲಾಗದೆ ಓದು ನಿಲ್ಲಿಸುವ ಒಬ್ಬ ಹುಡುಗನೋ ಹುಡುಗಿಯೋ ಅಷ್ಟರಿಂದ ಮತ್ತೊಂದು ವರ್ಷ ಶಾಲೆಯಲ್ಲಿ ಉಳಿಯಬಹುದು.